ಒದ್ದೆ ನೆಲ, ಬಿರಿದ ವೈರು, ಕೈಯಲ್ಲಿ ಡ್ರಿಲ್

ಕುಮಟಾ–ಶಿರಸಿ ರಸ್ತೆಯಲ್ಲಿ, ಘಟ್ಟದ ಬುಡಕ್ಕೆ ಸಿಗುವ ಊರು ಕತಗಾಲ. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಸೀಮೆಯಿದು. ಜೂನ್ ಬಂತೆಂದರೆ ಚಿರೆಕಲ್ಲಿನ ಗೋಡೆಗೂ ಜಗಲಿಯ ನೆಲಕ್ಕೂ ತೇವ. ಇಂಥಲ್ಲಿ ಗೋಡೆ ಕೊರೆಯುವವರು ಹೆದರಬೇಕಾದ್ದು ತಿರುಗುವ ಬಿಟ್ಟಿಗಿಂತ ಹೆಚ್ಚಾಗಿ ಡ್ರಿಲ್ಲಿನ ಹಿಂದೆ ಎಳೆದುಕೊಂಡು ಬರುವ ವೈರಿಗೆ.

ಮನೆಗೆ ಬರುವ ವಿದ್ಯುತ್ತು 230 ವೋಲ್ಟ್. ಒದ್ದೆ ಕೈ, ಬರಿಗಾಲು ಅದನ್ನು ತಡೆಯಲಾರವು. ಪ್ಲಗ್ ಹಾಕುವ ಮೊದಲೇ ವೈರನ್ನು ಉದ್ದಕ್ಕೂ, ಅದರಲ್ಲೂ ಹಿಡಿಯ ಬಳಿ ಬಾಗುವ ಕಡೆ, ನೋಡಿಕೊಳ್ಳಬೇಕು. ಬಿರಿದಿದ್ದರೆ ಟೇಪು ಸುತ್ತಿದರೆ ಸಾಲದು, ವೈರನ್ನೇ ಬದಲಿಸಬೇಕು. ಲೋಹದ ಮೈಯ ಹಳೆಯ ಡ್ರಿಲ್ಲಿಗೆ ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಚೌಕದೊಳಗೊಂದು ಚೌಕದ ಗುರುತಿದ್ದರೆ ಅದಕ್ಕೆ ಎರಡು ಪದರದ ರಕ್ಷಣೆಯಿದೆ, ಅರ್ಥಿಂಗ್ ಬೇಡ; ಆದರೆ ಒಳಗೆ ನೀರು ಹೊಕ್ಕರೆ ಅದನ್ನೂ ನೆಚ್ಚುವಂತಿಲ್ಲ. 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತು ಕಡಿಯುವ ಆರ್‌ಸಿಸಿಬಿ ಮನೆಯಲ್ಲಿದ್ದರೆ ಜೀವ ಉಳಿದೀತು.

ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಬಾರದು. ಗೋಡೆಯೊಳಗಿನ ವೈರು ಹೆಚ್ಚಾಗಿ ಅಲ್ಲೇ ಹಾದಿರುತ್ತದೆ. ಬಿಟ್ ಬದಲಿಸುವಾಗ ಪ್ಲಗ್ ತೆಗೆದಿರಬೇಕು. ಬಿಗಿದ ಮೇಲೆ ಚಕ್ಕಿನ ಕೀಲಿ ಅಲ್ಲೇ ಉಳಿಯಬಾರದು. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿ. ಜೋಲುವ ಪಂಚೆ, ಸೆರಗು, ಕೈಗವಸು ಬೇಡ.

ಕೆಲಸ ಮುಗಿದ ಮೇಲೆ ಪ್ಲಗ್ ತೆಗೆದು, ಗಾಳಿಕಿಂಡಿಯ ಧೂಳನ್ನು ಒಣ ಬ್ರಶ್ಶಿನಿಂದ ಕೊಡವಬೇಕು. ವೈರನ್ನು ಸಡಿಲವಾಗಿ ಸುತ್ತಿ ಒಣ ಜಾಗದಲ್ಲಿಡಬೇಕು. ಒಳಗೆ ಕಿಡಿ ಹೆಚ್ಚಾದರೆ ಕಾರ್ಬನ್ ಬ್ರಶ್ ಸವೆದಿದೆಯೇ ಎಂದು ರಿಪೇರಿಯವರಿಂದ ನೋಡಿಸಬೇಕು.

ನೆಲ ಒಣಗುವವರೆಗೆ ಕಾಯ್ದರೆ ನಷ್ಟವೇನಿಲ್ಲ. ಗೋಡೆ ಎಲ್ಲಿಗೂ ಓಡಿಹೋಗದು.