ಕಾರಿನ ಆಯಿಲ್ ಫಿಲ್ಟರ್: ಆಯ್ಕೆ ಮತ್ತು ಬದಲಾವಣೆ

ನಮ್ಮ ಮನೆಗಳಲ್ಲಿ ಸೋಸದೆ ಬಳಸುವ ಪದಾರ್ಥಗಳು ವಿರಳ. ಬಿಂದಿಗೆಯ ಬಾಯಿಗೆ ಶುಭ್ರವಾದ ಬಟ್ಟೆ ಕಟ್ಟಿ ನೀರು ತುಂಬುತ್ತೇವೆ. ಹಿಟ್ಟನ್ನು ಜರಡಿ ಹಿಡಿಯುತ್ತೇವೆ. ಕಾಸಿದ ತುಪ್ಪವನ್ನು ಸೋಸಿಯೇ ಡಬ್ಬಿಗೆ ಹಾಕುತ್ತೇವೆ. ಕಣ್ಣಿಗೆ ಕಾಣದ ಕಸವೂ ಒಡಲನ್ನು ಸೇರಬಾರದೆಂಬ ಎಚ್ಚರ ಹಿರಿಯರಿಂದ ನಮಗೆ ಬಂದದ್ದು. ಆದರೆ ಅಂಗಳದಲ್ಲಿ ನಿಂತಿರುವ ಕಾರಿನ ವಿಷಯದಲ್ಲಿ ಈ ಎಚ್ಚರವನ್ನು ನಾವು ಮರೆಯುತ್ತೇವೆ. ಅದರ ಎಂಜಿನ್ನಿನ ಒಡಲಿಗೂ ಸೋಸಿದ ಎಣ್ಣೆಯೇ ಬೇಕು. ಆ ಸೋಸುವ ಕೆಲಸವನ್ನು ಮಾಡುವ ಪುಟ್ಟ ಸಾಧನವೇ ಆಯಿಲ್ ಫಿಲ್ಟರ್.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗೆ ಬಂದ ಮೇಲೆ ಕಾರು ಕ್ರಮೇಣ ಮಧ್ಯಮ ವರ್ಗದ ಮನೆಗಳನ್ನೂ ತಲುಪಿತು. ಇಂದು ಹಳ್ಳಿಗಳಲ್ಲಿಯೂ ಕಾರುಗಳಿವೆ. ಕೂಡಲಸಂಗಮ, ಬಸವಕಲ್ಯಾಣ, ಉಳವಿಯಂಥ ಕ್ಷೇತ್ರಗಳಿಗೆ ಅನೇಕ ಕುಟುಂಬಗಳು ಮಕ್ಕಳು, ವೃದ್ಧರ ಸಮೇತ ಸ್ವಂತ ವಾಹನದಲ್ಲಿಯೇ ಹೋಗಿಬರುತ್ತವೆ. ಹಿಂದೆ ಜಾತ್ರೆಗೆ ಬಂಡಿ ಹೂಡುವ ಮುನ್ನ ಹಿರಿಯರು ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ತಪ್ಪಿಸುತ್ತಿರಲಿಲ್ಲ. ಇಂದಿನ ಬಂಡಿಯ ಕೀಲೆಣ್ಣೆಯ ವಿಚಾರವನ್ನು ಮನೆಯವರೆಲ್ಲರೂ ಸ್ವಲ್ಪವಾದರೂ ತಿಳಿದಿರುವುದು ಅವಶ್ಯ.

ಎಣ್ಣೆಯ ಕೆಲಸ, ಫಿಲ್ಟರಿನ ಕೆಲಸ

ಎಂಜಿನ್ನಿನೊಳಗೆ ಲೋಹದ ಭಾಗಗಳು ನಿಮಿಷಕ್ಕೆ ಸಾವಿರಾರು ಸಲ ತಿರುಗುತ್ತವೆ. ಅವು ಒಂದಕ್ಕೊಂದು ನೇರವಾಗಿ ತಗುಲದಂತೆ ನಡುವೆ ಎಣ್ಣೆಯ ತೆಳುವಾದ ಪದರವೊಂದು ನಿಂತಿರುತ್ತದೆ. ಉಜ್ಜಾಟವನ್ನು ತಗ್ಗಿಸುವುದು, ಶಾಖವನ್ನು ಹೊತ್ತೊಯ್ಯುವುದು, ತುಕ್ಕು ಹಿಡಿಯದಂತೆ ಕಾಯುವುದು, ಕೊಳೆಯನ್ನು ತೊಳೆಯುವುದು ಇವೆಲ್ಲ ಎಣ್ಣೆಯ ಕೆಲಸಗಳೇ. ಹೀಗೆ ತೊಳೆಯುವಾಗ ಸವೆದ ಲೋಹದ ಕಣಗಳು, ಇಂಧನ ಉರಿದುಳಿದ ಮಸಿ, ಗಾಳಿಯೊಡನೆ ನುಸುಳಿದ ಧೂಳು ಎಲ್ಲವೂ ಎಣ್ಣೆಯಲ್ಲಿ ಸೇರಿಕೊಳ್ಳುತ್ತವೆ. ಅವುಗಳನ್ನು ತೆಗೆಯದಿದ್ದರೆ ಕಾಯಬೇಕಾದ ಎಣ್ಣೆಯೇ ಮರಳುಕಾಗದದಂತೆ ಲೋಹವನ್ನು ಉಜ್ಜತೊಡಗುತ್ತದೆ.

ಮೊದಲ ಕಾಲದ ಮೋಟಾರುಗಳಲ್ಲಿ ಎಣ್ಣೆಗೆ ಇಂಥ ಸೋಸುಕವಿರಲಿಲ್ಲ. ಆಗಾಗ್ಗೆ ಎಣ್ಣೆಯನ್ನೇ ಚೆಲ್ಲಿ ಹೊಸದನ್ನು ಹಾಕಬೇಕಾಗುತ್ತಿತ್ತು. 1920ರ ದಶಕದಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಗ್ ಮೋಟಾರಿನ ಎಣ್ಣೆ ಸೋಸುವ ಸಾಧನವನ್ನು ರೂಪಿಸಿ ಅದಕ್ಕೆ ಪ್ಯೂರೊಲೇಟರ್ ಎಂದು ಹೆಸರಿಟ್ಟರು. ಆರಂಭದ ಫಿಲ್ಟರುಗಳು ಹರಿಯುವ ಎಣ್ಣೆಯ ಒಂದು ಪಾಲನ್ನು ಮಾತ್ರ ಸೋಸುತ್ತಿದ್ದವು. ಇಂದಿನ ಕಾರುಗಳಲ್ಲಿ ಪಂಪು ನೂಕಿದ ಎಣ್ಣೆಯೆಲ್ಲವೂ ಫಿಲ್ಟರನ್ನು ದಾಟಿಯೇ ಬೇರಿಂಗುಗಳಿಗೆ ಹೋಗುವ ವ್ಯವಸ್ಥೆಯಿದೆ.

ಹೊರಗಿನಿಂದ ಅದು ತಗಡಿನ ಸಣ್ಣ ಡಬ್ಬಿಯಂತೆ ಕಾಣುತ್ತದೆ. ಒಳಗೆ ಮಡಿಕೆ ಮಡಿಕೆಯಾಗಿ ಜೋಡಿಸಿದ ವಿಶೇಷ ಕಾಗದ ಅಥವಾ ಕೃತಕ ನಾರಿನ ಹಾಳೆ ಇರುತ್ತದೆ. ಅಂಚಿನ ಸಣ್ಣ ರಂಧ್ರಗಳಿಂದ ಒಳಹೊಕ್ಕ ಎಣ್ಣೆ ಹಾಳೆಯ ಮೂಲಕ ಸೋಸಿ ನಡುವಿನ ದೊಡ್ಡ ರಂಧ್ರದಿಂದ ಹೊರಬರುತ್ತದೆ. ಮಿಲಿಮೀಟರಿನ ಸಾವಿರದ ಒಂದು ಭಾಗವನ್ನು ಮೈಕ್ರಾನ್ ಎನ್ನುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಸಾಮಾನ್ಯ ಫಿಲ್ಟರುಗಳು 20ರಿಂದ 30 ಮೈಕ್ರಾನ್ ಗಾತ್ರದ ಕಣಗಳಲ್ಲಿ ಬಹುಪಾಲನ್ನು ಹಿಡಿದಿಡುತ್ತವೆ.

ಮುನ್ಸೂಚನೆ ಕೊಡದ ಭಾಗ

ಫಿಲ್ಟರಿನ ವಿಷಯದಲ್ಲಿ ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇದು: ಅದು ಕೊಳೆಯಿಂದ ತುಂಬಿಹೋದರೂ ಕಾರು ನಿಲ್ಲುವುದಿಲ್ಲ. ಕಾಗದದ ರಂಧ್ರಗಳು ಮುಚ್ಚಿದಾಗ ಎಂಜಿನ್ನಿಗೆ ಎಣ್ಣೆಯೇ ಸಿಗದೆ ಹೋಗಬಾರದೆಂದು ಬೈಪಾಸ್ ವಾಲ್ವ್ ಎಂಬ ಸಣ್ಣ ಬಾಗಿಲನ್ನು ಇಟ್ಟಿರುತ್ತಾರೆ. ಒತ್ತಡ ಮಿತಿ ಮೀರಿದಾಗ ಅದು ತೆರೆದುಕೊಂಡು ಎಣ್ಣೆಯನ್ನು ಸೋಸದೆಯೇ ಒಳಗೆ ಬಿಡುತ್ತದೆ. ಎಣ್ಣೆ ಇಲ್ಲದಿರುವುದಕ್ಕಿಂತ ಕೊಳೆಯಾದ ಎಣ್ಣೆಯಾದರೂ ಇರಲಿ ಎಂಬುದು ಈ ಏರ್ಪಾಡಿನ ಉದ್ದೇಶ.

ಚಾಲಕನಿಗೆ ಇದು ಗೊತ್ತಾಗುವುದೇ ಇಲ್ಲ. ಎದುರಿನ ಫಲಕದಲ್ಲಿರುವ ಕೆಂಪು ಬಣ್ಣದ ಎಣ್ಣೆಯ ದೀಪವು ಎಣ್ಣೆಯ ಒತ್ತಡ ಕುಸಿದುದನ್ನು ತೋರಿಸುತ್ತದೆಯೇ ಹೊರತು ಎಣ್ಣೆಯ ಕೊಳೆಯನ್ನಲ್ಲ. ಆದ್ದರಿಂದ ದೀಪ ಹತ್ತಿಲ್ಲವೆಂದು ನಿಶ್ಚಿಂತರಾಗಿರುವುದು ಸಲ್ಲದು. ಇನ್ನು ಓಡುತ್ತಿರುವಾಗ ಆ ದೀಪ ಹತ್ತಿತೆಂದರೆ ಮುಂದಿನ ಊರಿನವರೆಗೆ ಹೋಗೋಣವೆಂದು ಎಣಿಸದೆ, ಸುರಕ್ಷಿತ ಸ್ಥಳ ನೋಡಿ ತಕ್ಷಣವೇ ಎಂಜಿನ್ ನಿಲ್ಲಿಸಬೇಕು. ಒತ್ತಡವಿಲ್ಲದೆ ಕೆಲವೇ ನಿಮಿಷ ಓಡಿದರೂ ಬೇರಿಂಗುಗಳು ಸುಟ್ಟು ಎಂಜಿನ್ ಹಿಡಿದುಕೊಳ್ಳಬಹುದು.

ಎಂದು ಬದಲಿಸಬೇಕು?

ಮುನ್ಸೂಚನೆ ಕೊಡದ ವಸ್ತುವನ್ನು ಕಾಲನಿಯಮದಿಂದಲೇ ಕಾಯಬೇಕು. ಎಣ್ಣೆ ಬದಲಿಸಿದಾಗಲೆಲ್ಲ ಫಿಲ್ಟರನ್ನೂ ಬದಲಿಸುವುದು ಉತ್ತಮ ಪದ್ಧತಿ. ಹೊಸ ಎಣ್ಣೆ ಹಾಕಿ ಹಳೆಯ ಫಿಲ್ಟರನ್ನೇ ಉಳಿಸುವುದು, ತೊಳೆಯದ ಪಾತ್ರೆಗೆ ಹೊಸ ಹಾಲು ಹೊಯ್ದಂತೆ. ಇಂದಿನ ಅನೇಕ ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು, ಎಂಬ ನಿಯಮವಿದೆ. ಆದರೂ ತಮ್ಮ ಕಾರಿನ ಕೈಪಿಡಿಯೇ ಪ್ರಮಾಣ.

ಕೈಪಿಡಿಗಳಲ್ಲಿ ಕಠಿಣ ಬಳಕೆಗೆ ಬೇರೆಯೇ ಅವಧಿ ಹೇಳಿರುತ್ತಾರೆ. ಧೂಳಿನ ದಾರಿಯಲ್ಲಿ ನಿತ್ಯ ಓಡುವ ಕಾರು, ಭಾರ ಹೊತ್ತು ಘಟ್ಟ ಹತ್ತುವ ಕಾರು, ಪೇಟೆಯ ದಟ್ಟಣೆಯಲ್ಲಿ ನಿಂತು ನಿಂತು ಸಾಗುವ ಕಾರು ಇವುಗಳ ಎಣ್ಣೆ ಬೇಗನೆ ಕೆಡುತ್ತದೆ. ಎರೆಭೂಮಿಯ ಹೊಲದ ದಾರಿಯಲ್ಲಿ ದಿನವೂ ಓಡಾಡುವವರು ಇದನ್ನು ಗಮನಿಸಬೇಕು. ವಾರಕ್ಕೊಮ್ಮೆ ಮಾತ್ರ ಸಂತೆಗೋ ಮಠಕ್ಕೋ ಹೋಗಿಬರುವ ಕಾರಿಗೂ ರಿಯಾಯಿತಿಯಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುತ್ತಿದ್ದರೆ ಒಳಗಿನ ನೀರಿನಂಶ ಆವಿಯಾಗದೆ ಎಣ್ಣೆಯಲ್ಲೇ ಉಳಿದು ಗಷ್ಟು ಕಟ್ಟುತ್ತದೆ. ಆದುದರಿಂದ ಕಿಲೋಮೀಟರ್ ತುಂಬದಿದ್ದರೂ ವರ್ಷ ತುಂಬಿದರೆ ಬದಲಿಸತಕ್ಕದ್ದು. ಎಣ್ಣೆ ಕಪ್ಪಾಯಿತೆಂಬುದೊಂದೇ ಅದು ಕೆಟ್ಟಿತೆಂಬುದಕ್ಕೆ ಗುರುತಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆಯೂ ಬಹು ಬೇಗನೆ ಕಪ್ಪಾಗುತ್ತದೆ.

ಆಯ್ಕೆಯಲ್ಲಿ ನೋಡಬೇಕಾದುದು

ಅಂಗಡಿಗೆ ಹೋಗಿ ಬರಿದೇ ಕಾರಿನ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಎಂಜಿನ್ ಅಳವಡಿಸಿರುವುದುಂಟು. ತಯಾರಾದ ವರ್ಷ, ಪೆಟ್ರೋಲೋ ಡೀಸೆಲೋ ಎಂಬುದು, ಸಾಧ್ಯವಾದರೆ ಬಿಡಿಭಾಗದ ಸಂಖ್ಯೆ ಇವುಗಳನ್ನು ಬರೆದುಕೊಂಡು ಹೋಗಬೇಕು.

ಅಳತೆಯನ್ನು ಕಣ್ಣಂದಾಜಿನಲ್ಲಿ ನಿರ್ಧರಿಸುವುದು ಅಪಾಯಕರ. ಕೆಲವು ಫಿಲ್ಟರುಗಳ ಥ್ರೆಡ್ 20 ಮಿಲಿಮೀಟರ್ ವ್ಯಾಸದ್ದು. ಕೆಲವು ಮುಕ್ಕಾಲು ಅಂಗುಲದ್ದು, ಎಂದರೆ 19.05 ಮಿಲಿಮೀಟರ್. ಇವೆರಡೂ ನೋಡಲು ಒಂದೇ ತೆರನಾಗಿವೆ. ಮುಕ್ಕಾಲು ಅಂಗುಲದ ತಿರುಪಿಗೆ 20 ಮಿಲಿಮೀಟರಿನ ಫಿಲ್ಟರ್ ಸರಾಗವಾಗಿ ಏರಿ ಬಿಗಿಯಾದಂತೆಯೂ ತೋರಬಹುದು. ಆದರೆ ಹಿಡಿತ ಸಡಿಲವಾಗಿರುವುದರಿಂದ ಎಣ್ಣೆಯ ಒತ್ತಡಕ್ಕೆ ಅದು ಕಿತ್ತುಬಂದು, ಕ್ಷಣಾರ್ಧದಲ್ಲಿ ಎಣ್ಣೆಯೆಲ್ಲ ರಸ್ತೆಯ ಪಾಲಾದೀತು. ಉಳವಿಯ ಕಾಡುದಾರಿಯಲ್ಲಿ ಕುಟುಂಬ ಸಮೇತರಾಗಿ ಹೋಗುತ್ತಿರುವಾಗ ಹೀಗಾದರೆ ಗತಿಯೇನು?

ಒಳಗಿನ ಅಂಗಗಳೂ ಮುಖ್ಯ. ಎಂಜಿನ್ ನಿಂತಾಗ ಎಣ್ಣೆ ಹಿಂದಕ್ಕೆ ಹರಿದು ಫಿಲ್ಟರ್ ಬರಿದಾಗದಂತೆ ತಡೆಯುವ ರಬ್ಬರಿನ ವಾಲ್ವ್ ಅನೇಕ ಫಿಲ್ಟರುಗಳಲ್ಲಿ ಇರುತ್ತದೆ. ಅದು ಗಡುಸಾಗಿದ್ದರೆ ಬೆಳಗ್ಗೆ ಮೊದಲ ಸಲ ಎಂಜಿನ್ ಚಾಲೂ ಮಾಡಿದಾಗ ಎಣ್ಣೆ ತಲುಪುವುದು ತಡವಾಗಿ ಕಟಕಟ ಶಬ್ದ ಕೇಳಿಸುತ್ತದೆ. ನಕಲಿ ಫಿಲ್ಟರುಗಳಲ್ಲಿ ಇಂಥ ವಾಲ್ವು ಕಳಪೆಯಾಗಿರಬಹುದು, ಇಲ್ಲದೆಯೂ ಇರಬಹುದು. ಕಾಗದದ ಮಡಿಕೆಗಳು ಕಡಿಮೆಯಿರಬಹುದು. ಹೊರಗಿನ ಬಣ್ಣ ಮಾತ್ರ ಅಸಲಿನಂತೆಯೇ ಇರುತ್ತದೆ. ಪೆಟ್ಟಿಗೆಯ ಮುದ್ರಣ, ಬಿಡಿಭಾಗದ ಸಂಖ್ಯೆ, ಮುದ್ರಿತ ಬೆಲೆಗಳನ್ನು ಪರೀಕ್ಷಿಸಿ, ಕಾರು ತಯಾರಕರ ಅಧಿಕೃತ ಮಳಿಗೆಯಲ್ಲಿ ಅಥವಾ ವಿಶ್ವಾಸಾರ್ಹ ಅಂಗಡಿಯಲ್ಲಿ ರಸೀತಿ ಸಹಿತ ಕೊಳ್ಳುವುದೇ ಕ್ಷೇಮ. ಹೆಸರಾಂತ ಫಿಲ್ಟರ್ ತಯಾರಕರ, ಅದೇ ಎಂಜಿನ್ನಿಗೆಂದು ಸೂಚಿಸಿದ ಫಿಲ್ಟರನ್ನೂ ಬಳಸಬಹುದು. ಸಣ್ಣ ಕಾರುಗಳ ಫಿಲ್ಟರಿಗೆ ತಗಲುವುದು ಸಾಮಾನ್ಯವಾಗಿ ಕೆಲವು ನೂರು ರೂಪಾಯಿಗಳೊಳಗೆ. ಎಂಜಿನ್ ಬಿಚ್ಚಿ ದುರಸ್ತಿ ಮಾಡಿಸಬೇಕಾದರೆ ಹತ್ತಾರು ಸಾವಿರ. ಕಷ್ಟಪಟ್ಟು ಗಳಿಸಿದ ಹಣವನ್ನು ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು ಎಂಬ ವಿವೇಕ ಇಲ್ಲಿ ಬೇಕಾಗುತ್ತದೆ.

ಬದಲಿಸುವ ಕ್ರಮ

ಸ್ವಲ್ಪ ಕೈಚಳಕವುಳ್ಳವರು ಈ ಕೆಲಸವನ್ನು ಮನೆಯಲ್ಲಿಯೇ ಮಾಡಬಹುದು. ಆದರೆ ವಾರಂಟಿ ಅವಧಿಯಲ್ಲಿರುವ ಕಾರನ್ನು ಅಧಿಕೃತ ಕೇಂದ್ರಕ್ಕೆ ಒಯ್ಯುವುದೇ ಲೇಸು.

ಮೊದಲು ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ ನಿಲ್ಲಿಸಬೇಕು. ಬೆಚ್ಚಗಾದ ಎಣ್ಣೆ ಚೆನ್ನಾಗಿ ಇಳಿಯುತ್ತದೆ. ಕುದಿಯುವಷ್ಟು ಬಿಸಿಯಿದ್ದರೆ ಕೈ ಸುಡುತ್ತದೆ. ಕಾರು ಸಮತಟ್ಟಾದ ಗಟ್ಟಿ ನೆಲದ ಮೇಲಿರಬೇಕು, ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟಿರಬೇಕು. ಬರಿಯ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಎಂದಿಗೂ ಹೋಗಬಾರದು. ಭದ್ರವಾದ ಸ್ಟ್ಯಾಂಡುಗಳನ್ನು ಕೊಟ್ಟೇ ಕೆಳಗೆ ನುಸುಳಬೇಕು. ಕೈಗವಸು ಧರಿಸುವುದು ಒಳ್ಳೆಯದು, ಏಕೆಂದರೆ ಬಳಸಿದ ಎಣ್ಣೆ ಚರ್ಮಕ್ಕೆ ಹಾನಿಕರ.

ಅಗಲವಾದ ಪಾತ್ರೆಯಿಟ್ಟು ಸಂಪಿನ ಡ್ರೇನ್ ಬೋಲ್ಟನ್ನು ತೆಗೆದು ಎಣ್ಣೆ ಪೂರ್ತಿ ಇಳಿಯುವವರೆಗೆ ಕಾಯಬೇಕು. ಹೊಸ ವಾಷರ್ ಹಾಕಿ ಬೋಲ್ಟನ್ನು ಮೊದಲು ಕೈಯಿಂದ, ಅನಂತರ ಸ್ಪ್ಯಾನರಿನಿಂದ ಹದವಾಗಿ ಬಿಗಿಯಬೇಕು. ಬಲಪ್ರಯೋಗ ಮಾಡಿದರೆ ಥ್ರೆಡ್ ಹಾಳಾಗುತ್ತದೆ.

ಹಳೆಯ ಫಿಲ್ಟರನ್ನು ಬಿಚ್ಚಿದೊಡನೆ ಅದರ ರಬ್ಬರ್ ರಿಂಗ್ ಅದರೊಡನೆಯೇ ಬಂದಿದೆಯೇ ಎಂದು ನೋಡುವುದು ಅತಿ ಮುಖ್ಯ. ಹಳೆಯ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದ್ದು ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿದರೆ, ಎರಡು ರಿಂಗುಗಳ ನಡುವೆ ಎಣ್ಣೆ ರಭಸದಿಂದ ಚಿಮ್ಮುತ್ತದೆ. ಕೂರುವ ಸ್ಥಳವನ್ನು ಶುಭ್ರವಾದ ಬಟ್ಟೆಯಿಂದ ಒರೆಸಿ, ಹೊಸ ರಿಂಗಿಗೆ ಬೆರಳಿನಿಂದ ಹೊಸ ಎಣ್ಣೆ ಸವರಿ, ಫಿಲ್ಟರನ್ನು ಕೈಯಿಂದಲೇ ತಿರುಗಿಸಬೇಕು. ರಿಂಗ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು. ಡಬ್ಬಿಯ ಮೇಲೆ ಬೇರೆ ಸೂಚನೆಯಿದ್ದರೆ ಅದನ್ನೇ ಅನುಸರಿಸಬೇಕು. ಕೆಲವು ಕಾರುಗಳಲ್ಲಿ ಡಬ್ಬಿಯ ಬದಲು ಒಳಗಿನ ಕಾಗದದ ಸುರುಳಿಯನ್ನು ಮಾತ್ರ ಬದಲಿಸಬೇಕಾಗುತ್ತದೆ. ಅಲ್ಲಿ ಮುಚ್ಚಳದ ರಬ್ಬರ್ ರಿಂಗನ್ನೂ ಹೊಸದಾಗಿ ಹಾಕತಕ್ಕದ್ದು.

ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನು ಹೇಳಿದ ಅಳತೆಗಿಂತ ತುಸು ಕಡಿಮೆ ತುಂಬಿ ಎಂಜಿನ್ ಚಾಲೂ ಮಾಡಬೇಕು. ಕೆಲವೇ ಕ್ಷಣಗಳಲ್ಲಿ ಕೆಂಪು ದೀಪ ಆರಬೇಕು. ಆರುವವರೆಗೆ ಎಕ್ಸಲರೇಟರ್ ತುಳಿಯಬಾರದು. ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡು, ನಿಲ್ಲಿಸಿ, ಐದು ನಿಮಿಷದ ಬಳಿಕ ಡಿಪ್ ಸ್ಟಿಕ್ ತೆಗೆದು ನೋಡಬೇಕು. ಎಣ್ಣೆ ಎರಡು ಗುರುತುಗಳ ನಡುವೆ, ಮೇಲಿನ ಗುರುತಿಗೆ ಸಮೀಪವಿರಬೇಕು. ಅದನ್ನು ಮೀರಿದರೂ ಎಣ್ಣೆ ನೊರೆಗಟ್ಟಿ ತೊಂದರೆಯಾಗುತ್ತದೆ.

ಗ್ಯಾರೇಜಿನಲ್ಲಿ ಮಾಡಿಸುವವರಿಗೆ

ಬಹುಮಂದಿ ಈ ಕೆಲಸವನ್ನು ಗ್ಯಾರೇಜಿನಲ್ಲಿಯೇ ಮಾಡಿಸುತ್ತಾರೆ. ಅಂಥವರು ಹೊಸ ಫಿಲ್ಟರಿನ ಪೆಟ್ಟಿಗೆಯನ್ನು ತಮ್ಮೆದುರಿಗೇ ತೆರೆಯುವಂತೆಯೂ, ಕಳಚಿದ ಹಳೆಯ ಫಿಲ್ಟರನ್ನು ತೋರಿಸುವಂತೆಯೂ ವಿನಯದಿಂದ ಕೇಳಬಹುದು. ಇದು ಅವಿಶ್ವಾಸವಲ್ಲ, ಪ್ರಾಮಾಣಿಕನಾದ ಮೆಕ್ಯಾನಿಕ್ ಇದರಿಂದ ಬೇಸರಗೊಳ್ಳುವುದೂ ಇಲ್ಲ. ಹೊಸ ಫಿಲ್ಟರಿನ ಮೇಲೆ ದಿನಾಂಕ ಮತ್ತು ಕಿಲೋಮೀಟರ್ ಬರೆಸಿದರೆ ಮುಂದಿನ ಸಲ ಸಂಶಯಕ್ಕೆ ಎಡೆಯಿರುವುದಿಲ್ಲ.

ಹಳೆಯ ಎಣ್ಣೆಯನ್ನು ಏನು ಮಾಡಬೇಕು?

ಕಳಚಿದ ಫಿಲ್ಟರಿನಲ್ಲಿಯೂ ಸ್ವಲ್ಪ ಎಣ್ಣೆ ಉಳಿದಿರುತ್ತದೆ. ಅದನ್ನು ತಲೆಕೆಳಗಾಗಿಟ್ಟು ಸಂಪೂರ್ಣ ಬಸಿಯಬೇಕು. ಬಳಸಿದ ಎಣ್ಣೆಯನ್ನು ಚರಂಡಿಗೋ ಹಿತ್ತಿಲಿಗೋ ಸುರಿಯುವುದು ಘೋರ ತಪ್ಪು. ಅದು ಮಣ್ಣಿಗಿಳಿದು ಬಾವಿಯ ನೀರನ್ನು ಕೆಡಿಸುತ್ತದೆ. ನಮ್ಮ ದೇಶದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಎಣ್ಣೆಯೂ ಸೇರಿದೆ. ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಅದನ್ನು ಸಂಗ್ರಹಿಸಿ ಶುದ್ಧೀಕರಣಕ್ಕೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು. ನಮ್ಮ ಬಾವಿಯ ನೀರು ಸೋಸಿ ಕುಡಿಯುವ ನಾವು, ನೆರೆಯವರ ಬಾವಿಗೆ ಕೊಳೆ ಬಿಡುವುದು ಯಾವ ಧರ್ಮ?

ಹನ್ನೆರಡನೆಯ ಶತಮಾನದ ಶರಣರು ಯಾವ ಕಾಯಕವನ್ನೂ ಕೀಳೆಂದು ಎಣಿಸಲಿಲ್ಲ. ಬಟ್ಟೆಯ ಕೊಳೆ ಕಳೆಯುವ ಕಾಯಕದ ಮಡಿವಾಳ ಮಾಚಿದೇವರು, ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯನವರು ನಮಗೆ ಪೂಜ್ಯರು. ಎಣ್ಣೆ ಮೆತ್ತಿದ ಕೈಗಳಿಂದ ದುಡಿಯುವ ಮೆಕ್ಯಾನಿಕನದೂ ಕಾಯಕವೇ. ಅಸಲಿ ಭಾಗವನ್ನೇ ಹಾಕಿ, ಹಾಕಿದ್ದಕ್ಕೆ ಮಾತ್ರ ಹಣ ಪಡೆಯುವುದು ಅವನ ಕಾಯಕದ ಶುದ್ಧಿ. ಕೇಳಿದ ನ್ಯಾಯವಾದ ಕೂಲಿಯನ್ನು ಚೌಕಾಶಿಯಿಲ್ಲದೆ ಕೊಡುವುದು, ಕಾಲಕ್ಕೆ ಸರಿಯಾಗಿ ಕಾರನ್ನು ತಂದೊಪ್ಪಿಸುವುದು ನಮ್ಮ ಹೊಣೆ. ಓದುಗರು ತಮ್ಮ ಕಾರಿನ ಹಿಂದಿನ ಸರ್ವಿಸ್ ರಸೀತಿಯನ್ನು ಇಂದೇ ತೆಗೆದು, ಫಿಲ್ಟರ್ ಬದಲಿಸಿದ ದಿನಾಂಕವನ್ನು ನೋಡಲಿ. ವರ್ಷ ಕಳೆದಿದ್ದರೆ ಮುಂದಿನ ಯಾತ್ರೆಗೆ ಮುನ್ನ ಈ ಕೆಲಸ ಆಗಲಿ.