ತೋಟೆಯ ಬುಡದಲ್ಲಿ ಅಡಗಿದ ಕೇಪು

ಮಲೆನಾಡು, ಕೊಡಗಿನ ಕಡೆ ಹಳೆಯ ಕೋವಿಗಳನ್ನು ಕೇಪಿನ ಕೋವಿ, ತೋಟಾ ಕೋವಿ ಎಂದು ಎರಡಾಗಿ ಗುರುತಿಸುವುದು ರೂಢಿ. ಮೊದಲನೆಯದಕ್ಕೆ ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಜಡಿದು, ಹಿಂಬದಿಯಲ್ಲಿ ತಾಮ್ರದ ಪುಟ್ಟ ಟೊಪ್ಪಿಗೆಯೊಂದನ್ನು ಕೂರಿಸಬೇಕು. ಎರಡನೆಯದಕ್ಕೆ ನಳಿಗೆಯನ್ನು ಬುಡದಲ್ಲಿ ಮಡಚಿ ತೋಟೆ ಇಟ್ಟರೆ ಆಯಿತು. ಹಾಗೆಂದು ಕೇಪೇನೂ ಮಾಯವಾಗಲಿಲ್ಲ. ತೋಟೆಯ ಹಿತ್ತಾಳೆ ಬುಡದ ನಡುವೆ ಸೇರಿಕೊಂಡಿತು, ಅಷ್ಟೆ. ಪ್ರೈಮರ್ ಎಂಬುದು ಅದರ ಈಗಿನ ಹೆಸರು.

ಇದಕ್ಕೆಲ್ಲ ಮೂಲಪುರುಷ ಒಬ್ಬ ಪಾದ್ರಿ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಎಂಬ ಊರಿನ ಅಲೆಕ್ಸಾಂಡರ್ ಜಾನ್ ಫಾರ್ಸೈತ್‌ಗೆ ಹಕ್ಕಿ ಬೇಟೆಯ ಗೀಳು. ಚಕಮಕಿ ಕೋವಿಯಲ್ಲಿ ಕಿಡಿ ಹೊಳೆಯುವುದಕ್ಕೂ ಈಡು ಹೊರಡುವುದಕ್ಕೂ ನಡುವೆ ಕ್ಷಣದ ಅಂತರವಿರುತ್ತಿತ್ತು; ಹಕ್ಕಿಗೆ ಅಷ್ಟು ಸಾಕಾಗುತ್ತಿತ್ತು. ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಬಳಸಿ ಆತ 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಟೊಪ್ಪಿಗೆ ಅನಂತರದ್ದು. 1860ರ ದಶಕದಲ್ಲಿ ಕೇಪನ್ನು ಒಡಲಲ್ಲೇ ಹೊತ್ತ ತೋಟೆ ಇಂಗ್ಲೆಂಡಿನಲ್ಲಿ ನೆಲೆಯೂರಿತು. ಅದಕ್ಕೆಂದೇ ತಯಾರಾದ ವಿಲಾಯಿತಿ ಜೋಡುನಳಿಗೆ ಕೋವಿಗಳು ಕೊಡಗಿನ ಮನೆಗಳಿಗೂ ಬಂದವು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟಿದ್ದರಷ್ಟೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುವುದು ಇಂದಿಗೂ ಉಂಟು.

ಬ್ರಿಟನ್, ಅಮೆರಿಕಗಳಲ್ಲಿ ಇಂಥ ಮುದಿ ಕೋವಿಗಳನ್ನು ಬಳಸುವ ಹವ್ಯಾಸಿಗಳು ತೋಟೆಯನ್ನು ತಾವೇ ತುಂಬಿಕೊಳ್ಳುವುದಿದೆ. ಅಂಗಡಿಯ ತೋಟೆ ಅವಕ್ಕೆ ಹಲವು ಸಲ ಬಿರುಸು. ಎಷ್ಟೋ ಹಳೆಯ ನಳಿಗೆಗಳ ಗೂಡು ಎರಡೂವರೆ ಅಂಗುಲದ್ದು, ಈಗಿನ ತೋಟೆ ಎರಡೂಮುಕ್ಕಾಲು. ತುಂಬುವವರು ಮದ್ದನ್ನೂ ಚರೆಯನ್ನೂ ತಕ್ಕಡಿಯಲ್ಲಿ ತೂಗುತ್ತಾರೆ. ಕೇಪಿನ ವಿಷಯದಲ್ಲಿ ಮಾತ್ರ, ಬೆಂಕಿಕಡ್ಡಿ ಯಾವುದಾದರೇನು ಎಂಬ ಉದಾಸೀನ.

ತಪ್ಪುವುದು ಇಲ್ಲಿಯೇ. 209 ಎಂಬ ಅಳತೆಯ ಪ್ರೈಮರುಗಳು ಯಾವ ಕಂಪನಿಯವಾದರೂ ಒಂದೇ ರಂಧ್ರದಲ್ಲಿ ಕೂರುತ್ತವೆ, ನೋಡಲೂ ಒಂದೇ. ಒಳಗಿನ ರಾಸಾಯನಿಕ ಬೇರೆ, ಜ್ವಾಲೆಯ ಬಿಸಿ ಬೇರೆ, ಅದು ಉರಿಯುವ ಹೊತ್ತು ಬೇರೆ. ಮದ್ದು, ಚರೆ ಎಳ್ಳಷ್ಟೂ ಬದಲಾಗದಿದ್ದರೂ ಬಿರುಸಾದ ಕೇಪೊಂದು ನಳಿಗೆಯೊಳಗಿನ ಒತ್ತಡವನ್ನು ಏರಿಸಿಬಿಡಬಹುದು. ತೀರ ಮೆತ್ತನೆಯದಾದರೆ ಮದ್ದು ಅರೆಬೆಂದು, ಚರೆಯನ್ನು ಹಿಡಿದಿಡುವ ಬೆಣೆ ನಳಿಗೆಯಲ್ಲೇ ಸಿಕ್ಕಿಕೊಳ್ಳುವ ಭಯ. ಅದನ್ನು ಗಮನಿಸದೆ ಹಾರಿಸುವ ಮುಂದಿನ ಈಡು ನಳಿಗೆಯನ್ನೇ ಒಡೆದೀತು. ಪರೀಕ್ಷಿಸಿದ ಕೋಷ್ಟಕಗಳಲ್ಲಿ ಕೋಶ, ಕೇಪು, ಮದ್ದು, ಬೆಣೆ, ಚರೆ ಐದನ್ನೂ ಹೆಸರಿಸಿ ಒಟ್ಟಿಗೆ ಕೊಡುವುದು ಇದಕ್ಕೇ. ಒಂದನ್ನು ಬದಲಿಸಿದರೂ ಅಲ್ಲಿಯ ಒತ್ತಡದ ಅಂಕಿಗೆ ಬೆಲೆಯಿಲ್ಲ.

ಹೊಸ ಉಕ್ಕಿನ ನಳಿಗೆ ಇದನ್ನು ಸಹಿಸೀತು. ಹಳೆಯದರಲ್ಲಿ ಎಷ್ಟೋ ಡಮಾಸ್ಕಸ್ ನಳಿಗೆಗಳು: ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಬಡಿದು ಬೆಸೆದವು. ಮೇಲಿನ ಚಿತ್ತಾರಕ್ಕೆ ಮರುಳಾಗದವರಿಲ್ಲ, ಒಳಗೆ ಬೆಸುಗೆ ತುಕ್ಕು ತಿಂದಿದ್ದರೆ ಹೊರಗೆ ಕಾಣದು. ಒಡೆದರೆ ನಳಿಗೆಯನ್ನು ಆತುಕೊಂಡ ಎಡಗೈ ಅಲ್ಲೇ ಇರುತ್ತದೆ.

ಹಳತನ್ನು ಹಳತಿನಿಂದಲೇ ಹಾರಿಸಬೇಕೆಂಬ ಹಟವೂ ಕೆಲವರದು. ಅಟ್ಟದ ಡಬ್ಬಿಯಲ್ಲಿ ಸಿಕ್ಕ ಹಳೆಯ ಕೇಪು ಅವರಿಗೆ ನಿಧಿ. ಆ ಕಾಲದ ಕ್ಲೋರೇಟ್ ಕೇಪು ಉರಿದ ಮೇಲೆ ನಳಿಗೆಯಲ್ಲಿ ಉಪ್ಪು ಉಳಿಯುತ್ತದೆ, ಉಪ್ಪು ಗಾಳಿಯ ತೇವವನ್ನು ಹೀರುತ್ತದೆ. ಕೊಡಗಿನ ಮಳೆಗಾಲದಲ್ಲಿ ತುಕ್ಕಿಗೆ ಇನ್ನೇನು ಬೇಕು? ಉಪ್ಪು ಬಿಡದ ಕೇಪು ಜರ್ಮನಿಯಲ್ಲಿ ಬಂದದ್ದು 1920ರ ದಶಕದಲ್ಲಿ.

ಕುದುರೆಯ ಸ್ಪ್ರಿಂಗ್ ಸಡಿಲಿದ್ದರೆ ಗಟ್ಟಿ ಲೋಹದ ಕೇಪು ಸಿಡಿಯುವುದೇ ಇಲ್ಲ, ಇಲ್ಲವೇ ತಡೆದು ಸಿಡಿಯುತ್ತದೆ. ಸಿಡಿಯಲಿಲ್ಲವೆಂದು ತಕ್ಷಣ ಕೋವಿ ಮಡಚಬಾರದೆನ್ನುವುದು ಅದಕ್ಕೇ. ಅದಕ್ಕೆ ಮದ್ದು ಸ್ಪ್ರಿಂಗಿನ ರಿಪೇರಿಯೇ ಹೊರತು ಬಿರುಸಿನ ಕೇಪಲ್ಲ.

ತಿಳಿದ ಬಂದೂಕಿನ ಮೇಸ್ತ್ರಿ ಕೇಪಿನ ಹೆಸರು ಹೇಳುವ ಮುನ್ನ ನಳಿಗೆಯನ್ನು ಕಳಚಿ ಅಡಿಮೇಲು ಮಾಡುತ್ತಾನೆ. ಬರ್ಮಿಂಗ್‌ಹ್ಯಾಂ ಅಥವಾ ಲಂಡನ್ನಿನ ಪರೀಕ್ಷಾಲಯದ ಮುದ್ರೆಗಳಿರುವುದು ಅಲ್ಲಿ. ಹೊಗೆರಹಿತ ಮದ್ದಿಗೆ ಪರೀಕ್ಷೆಯಾದ ಗುರುತಿಲ್ಲದಿದ್ದರೆ ಆ ನಳಿಗೆಯ ಬಲವನ್ನು ಅಳೆದದ್ದು ಕರಿಮದ್ದಿನಿಂದ ಮಾತ್ರ.