ಒಡ್ಡು ಒಡೆದರೆ ಹೊಲ ಉಳಿದೀತೇ?

ಧರ್ಮ ಎಂಬ ಶಬ್ದಕ್ಕೆ ಹಿಡಿದಿಡುವುದು ಎಂದು ಅರ್ಥ. ‘ಧೃ’ ಎಂಬ ಮೂಲದಿಂದ ಹುಟ್ಟಿದ ಈ ಮಾತನ್ನು ಪಂಡಿತರು ನಾನಾ ರೀತಿಯಲ್ಲಿ ವಿವರಿಸಿದ್ದಾರೆ. ಆದರೆ ನಮ್ಮ ತಾಳಿಕೋಟೆ, ಮುದ್ದೇಬಿಹಾಳ, ಸಿಂದಗಿ ಸೀಮೆಯ ರೈತನಿಗೆ ಅದನ್ನು ಗ್ರಂಥದಿಂದ ತಿಳಿಸಬೇಕಾಗಿಲ್ಲ. ಅವನ ಹೊಲದ ಒಡ್ಡೇ ಅದನ್ನು ಹೇಳುತ್ತದೆ. ಎರೆ ಭೂಮಿಯ ಮೇಲೆ ಬಿದ್ದ ಮಳೆಯನ್ನು ಒಡ್ಡು ಹಿಡಿದಿಡುತ್ತದೆ, ಮಣ್ಣನ್ನು ಹರಿದು ಹೋಗಗೊಡುವುದಿಲ್ಲ. ಆ ಹಸಿಯ ಮೇಲೆಯೇ ಹಿಂಗಾರಿಯ ಬಿಳಿಜೋಳ ಏಳುತ್ತದೆ. ಮೇಲಿನ ಹೊಲದವನು ಒಡ್ಡು ಒಡೆದರೆ ಕೆಳಗಿನ ಹೊಲದವನ ಮಣ್ಣು ಕೊಚ್ಚಿ ಡೋಣಿಯ ಪಾಲಾಗುತ್ತದೆ. ಮೇಲಿನವನ ಹೊಲದಲ್ಲೂ ಹಸಿ ನಿಲ್ಲುವುದಿಲ್ಲ. ಹಾಳಾಗುವವರು ಇಬ್ಬರೂ.

ಮನುಷ್ಯ ಮನುಷ್ಯರ ನಡುವೆಯೂ ಇಂಥದೇ ಒಡ್ಡು ಇದೆ. ಅಣ್ಣ ತಮ್ಮಂದಿರ ನಡುವಿನ ನಂಬಿಕೆ, ತವರಿಗೂ ಮಗಳಿಗೂ ಇರುವ ಕಕ್ಕುಲತೆ, ಮುಪ್ಪಿನ ತಂದೆತಾಯಿಗೆ ಮಕ್ಕಳ ಆಸರೆ, ನೆರೆಮನೆಯವರ ಕಷ್ಟಕ್ಕೆ ಓಡಿ ಹೋಗುವ ಗುಣ, ಇವೇ ಸಮಾಜವನ್ನು ಹಿಡಿದಿಟ್ಟಿರುವ ಒಡ್ಡುಗಳು. ಇಂದು ಮಠಗಳಲ್ಲಿ ಜಾತ್ರೆಗಳು ವಿಜೃಂಭಣೆಯಿಂದ ನಡೆಯುತ್ತಿವೆ, ತೇರಿಗೆ ಭಕ್ತಸಾಗರವೇ ಸೇರುತ್ತದೆ. ಅದು ಸಂತೋಷದ ಸಂಗತಿ. ಆದರೆ ಒಂದೇ ತೇರಿನ ಹಗ್ಗ ಹಿಡಿದು ಎಳೆದ ಅಣ್ಣ ತಮ್ಮ ಇಬ್ಬರೂ ಮರುದಿನ ಬೇರೆ ಬೇರೆ ವಕೀಲರನ್ನು ಹಿಡಿದು ಕೋರ್ಟಿನ ತಾರೀಖಿಗೆ ಹೋಗುವುದಾದರೆ, ಆ ಹಗ್ಗ ಅವರಿಗೆ ಏನನ್ನು ಕಲಿಸಿತು?

ಹಿಂದೆ ನಮ್ಮದು ಬರದ ನಾಡು. ಬಡತನದಲ್ಲಿ ಒಬ್ಬರಿಗೊಬ್ಬರು ಆಗಲೇಬೇಕಿತ್ತು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟ ಆಣೆಕಟ್ಟು ಪೂರ್ಣಗೊಂಡು, ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಅನೇಕ ಊರುಗಳ ಹೊಲಗಳತ್ತ ಹರಿಯಿತು. ಇದಕ್ಕಾಗಿ ಹೊಲ ಮನೆ ಮುಳುಗಿ ಊರು ಬಿಟ್ಟು ಹೋದವರ ತ್ಯಾಗವನ್ನು ನಾವು ಮರೆಯಬಾರದು. ನೀರು ಬಂತು, ಭೂಮಿಗೆ ಬೆಲೆ ಬಂತು. ಬೆಲೆ ಬಂದ ಮೇಲೆ ಒಂದು ಗೇಣು ಬಾಂದಿಗೂ ಜಗಳ ಬಂತು. ನೀರು ಹೊಲಕ್ಕೆ ಹರಿದು ಬರುವಾಗ ಮನಸ್ಸುಗಳು ಒಣಗಬೇಕೇ?

ವೀರಶೈವ ಧರ್ಮವು ಐದು ಆಚಾರಗಳನ್ನು ಹೇಳಿದೆ: ಲಿಂಗಾಚಾರ, ಸದಾಚಾರ, ಶಿವಾಚಾರ, ಭೃತ್ಯಾಚಾರ ಮತ್ತು ಗಣಾಚಾರ. ಇವುಗಳನ್ನು ಸ್ವಲ್ಪ ವಿಚಾರ ಮಾಡಿ ನೋಡಬೇಕು. ಬಾಗಿಲು ಹಾಕಿಕೊಂಡು ಒಬ್ಬನೇ ಕುಳಿತು ಆಚರಿಸಬಹುದಾದದ್ದು ಲಿಂಗಾಚಾರ ಒಂದೇ. ಉಳಿದ ನಾಲ್ಕಕ್ಕೂ ಎದುರಿಗೆ ಇನ್ನೊಬ್ಬ ಮನುಷ್ಯ ಬೇಕು. ಸತ್ಯಶುದ್ಧ ಕಾಯಕದಿಂದ ಬಾಳುವ ಸದಾಚಾರಕ್ಕೆ ನಮ್ಮೊಡನೆ ವ್ಯವಹಾರ ಮಾಡುವವರು ಬೇಕು. ಭೇದವಿಲ್ಲದೆ ಎಲ್ಲರನ್ನೂ ಸಮನಾಗಿ ಕಾಣುವ ಶಿವಾಚಾರಕ್ಕೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂಡ್ರುವವರು ಬೇಕು. ನಾನು ಕಿರಿಯ, ನೀವು ಹಿರಿಯರು ಎಂದು ಬಾಗುವ ಭೃತ್ಯಾಚಾರಕ್ಕೆ ಬಾಗಲು ಒಬ್ಬರು ಬೇಕು. ಅನ್ಯಾಯವನ್ನು ಕಂಡು ಸುಮ್ಮನಿರದ ಗಣಾಚಾರಕ್ಕೆ ಇಡೀ ಸಮಾಜವೇ ಬೇಕು. ಅಂದಮೇಲೆ ಬೆಳಗಿನ ಪೂಜೆ ಮುಗಿಸಿ ಎದ್ದವನ ಧರ್ಮ ಐದರಲ್ಲಿ ಒಂದು ಪಾಲು ಮಾತ್ರ ಮುಗಿದಿರುತ್ತದೆ. ಉಳಿದ ನಾಲ್ಕು ಪಾಲು ಹೊಸ್ತಿಲಿನ ಆಚೆಗೆ ಇರುತ್ತದೆ.

ಆ ನಾಲ್ಕು ಪಾಲಿನ ಪರೀಕ್ಷೆ ಎಲ್ಲಿ ನಡೆಯುತ್ತದೆ? ವಾಟ್ನಿಯ ದಿನ ನಡೆಯುತ್ತದೆ. 2005ರ ತಿದ್ದುಪಡಿಯಿಂದ ದೇಶದ ಕಾನೂನು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಇರುವಷ್ಟೇ ಹಕ್ಕನ್ನು ಮಗಳಿಗೂ ಕೊಟ್ಟಿತು. ಅಂದಿನಿಂದ ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರನ್ನು ಕರೆಸಿ ಹಕ್ಕುಬಿಟ್ಟ ಪತ್ರಕ್ಕೆ ಸಹಿ ಮಾಡಿಸುವುದು ರೂಢಿಯಾಗಿದೆ. ಅವಳು ಮನಸಾರೆ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ಆದರೆ ಸಹಿ ಮಾಡದಿದ್ದರೆ ತವರಿನ ಬಾಗಿಲು ಮುಚ್ಚೀತು ಎಂಬ ಅಂಜಿಕೆಯಿಂದ ಹೆಬ್ಬೆಟ್ಟು ಒತ್ತಿದರೆ ಅದು ಔದಾರ್ಯವಲ್ಲ, ನುಂಗಿದ ಕಣ್ಣೀರು. ಪಂಚಮಿ ಹಬ್ಬಕ್ಕೆ ಅಣ್ಣ ಕರೆಯಲು ಬಂದಾನು ಎಂದು ದಾರಿ ನೋಡುವ ಹೆಣ್ಣುಮಗಳಿಗೆ ಆ ಉಂಡಿ, ಆ ಜೋಕಾಲಿಯ ಬೆಲೆ ಎಕರೆಗಿಂತ ದೊಡ್ಡದು. ಅವಳ ಆ ಪ್ರೀತಿಯನ್ನೇ ಹಿಡಿದು ಅವಳ ಪಾಲನ್ನು ಕಸಿಯುವುದು ಯಾವ ಧರ್ಮ?

ಇಲ್ಲಿ ನಮ್ಮ ಬಾಗೇವಾಡಿಯ ಬಾಲಕ ಬಸವಣ್ಣನವರನ್ನು ನೆನೆಯಬೇಕು. ಉಪನಯನದ ಹೊತ್ತಿನಲ್ಲಿ, ಈ ಸಂಸ್ಕಾರ ತನ್ನ ಅಕ್ಕ ನಾಗಮ್ಮನಿಗೆ ಏಕಿಲ್ಲ ಎಂದು ಕೇಳಿ, ಅಕ್ಕನಿಗೆ ಇಲ್ಲದ್ದು ತನಗೂ ಬೇಡವೆಂದು ಎದ್ದು ಕೂಡಲಸಂಗಮದ ದಾರಿ ಹಿಡಿದರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಕಥೆಯನ್ನು ನಾವು ಪ್ರವಚನದಲ್ಲಿ ಕೇಳಿ ತಲೆದೂಗಿದ್ದೇವೆ. ತಲೆದೂಗಿದವರು ಮನೆಗೆ ಹೋಗಿ ತಮ್ಮ ಅಕ್ಕನ ಪಾಲಿನ ವಿಷಯದಲ್ಲಿ ಏನು ಮಾಡಿದೆವು ಎಂದು ಕೇಳಿಕೊಳ್ಳಬೇಕು. ಶರಣರ ಮಾರ್ಗ ಶುರುವಾದದ್ದೇ ಅಕ್ಕನಿಗೆ ಸಮಪಾಲು ಕೇಳುವುದರಿಂದ ಎಂಬುದನ್ನು ಬಸವನಾಡಿನ ನಾವೇ ಮರೆತರೆ ಬೇರೆಯವರಿಗೆ ಹೇಳುವವರು ಯಾರು?

ಇನ್ನು ಮುಪ್ಪಿನವರ ಮಾತು. ದುಡಿಯಲು ಮಕ್ಕಳು ಗೋವಾ, ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಗುಳೆ ಹೋಗುತ್ತಾರೆ. ಹೊಟ್ಟೆಪಾಡಿಗಾಗಿ ಹೋದವರನ್ನು ದೂಷಿಸುವಂತಿಲ್ಲ. ಊರಲ್ಲಿ ಉಳಿದವರು ಅಜ್ಜ ಅಜ್ಜಿ. ಪಡಸಾಲೆಯಲ್ಲಿ ಮೊಬೈಲು ಗಂಟೆ ಬಾರಿಸಿದರೆ ಅವರ ಮುಖ ಅರಳುತ್ತದೆ. ಬಾರಿಸದ ದಿನ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ದೂರ ಇದ್ದು ದಿನವೂ ವಿಚಾರಿಸುವ ಮಗನೂ ಇದ್ದಾನೆ, ಪಕ್ಕದ ಓಣಿಯಲ್ಲೇ ಇದ್ದು ಮಾತು ಬಿಟ್ಟ ಮಗನೂ ಇದ್ದಾನೆ. ಹೀಗಾಗಿ ಸಂಬಂಧವನ್ನು ಮೈಲಿಯಿಂದ ಅಳೆಯಲಾಗದು.

ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿಯೇ ಕಾನೂನು ಬಂದಿದೆ. ನೋಡಿಕೊಳ್ಳದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು. ನೋಡಿಕೊಳ್ಳಬೇಕೆಂಬ ಕರಾರಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ಆ ಕರಾರು ಮುರಿದರೆ, ಮರಳಿ ಪಡೆಯಲೂ ಅವಕಾಶವಿದೆ. ಇದು ಹಿರಿಯರಿಗೆ ತಿಳಿದಿರಬೇಕು, ನೊಂದವರು ನಾಚದೆ ಬಳಸಿಕೊಳ್ಳಬೇಕು. ಆದರೆ ಕಾನೂನು ತಿಂಗಳಿಗೆ ಇಷ್ಟು ಹಣ ಕೊಡಿಸಬಲ್ಲದು, ಕೆಮ್ಮುವ ತಂದೆಯ ಬೆನ್ನು ನೀವಲು ಮಗನ ಕೈಯನ್ನು ಕೊಡಿಸಲಾರದು. ಕಾನೂನು ಬರುವುದು ಒಡ್ಡು ಒಡೆದ ಮೇಲೆ. ಧರ್ಮ ಇರುವುದು ಒಡ್ಡು ಒಡೆಯದಂತೆ ಕಾಯಲು.

ಎಲ್ಲ ಒಡಕಿನ ಮೂಲ ಸಾಲದು ಎಂಬ ಭಾವನೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಕೃಷ್ಣೆಯ ಆಚೆ ದಂಡೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರು ಎಂಬ ಪ್ರತೀತಿ ಇದೆ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಪ್ಪಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಬಡವಿಯಾದ ಆಕೆಗೆ ಸಾಕು ಎನ್ನುವ ಸಿರಿವಂತಿಕೆ ಇತ್ತು.

ಹನ್ನೆರಡನೆಯ ಶತಮಾನ ದೂರವಾಯಿತು ಎನ್ನುವವರಿಗೆ ನಮ್ಮ ಕಣ್ಣೆದುರಿನ ನಿದರ್ಶನವೂ ಇದೆ. ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳು ಜೇಬಿಲ್ಲದ ಬಿಳಿ ಅಂಗಿ ತೊಟ್ಟು ನಾಡೆಲ್ಲ ಸಂಚರಿಸಿದರು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ಸನ್ಯಾಸಿಗೆ ಪ್ರಶಸ್ತಿ ಬೇಡವೆಂದು ವಿನಯದಿಂದ ಮರಳಿಸಿದರು. ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಯಾವ ಸ್ಮಾರಕವನ್ನೂ ಕಟ್ಟಬಾರದು ಎಂದು 2014ರಲ್ಲಿಯೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಜಾತಿ ಮತದ ಹಂಗಿಲ್ಲದೆ ಲಕ್ಷಾಂತರ ಜನ ವಿಜಯಪುರದ ಹಾದಿ ಹಿಡಿದರು. ವಾಟ್ನಿ ಮಾಡಿಕೊಳ್ಳಲು ಅವರು ಏನನ್ನೂ ಬಿಟ್ಟು ಹೋಗಲಿಲ್ಲ. ಆದ್ದರಿಂದಲೇ ಎಲ್ಲರಿಗೂ ಅವರಲ್ಲಿ ಸಮಪಾಲು ಸಿಕ್ಕಿತು.

ಸಂಸಾರಿಗಳು ಜೇಬಿಲ್ಲದ ಅಂಗಿ ತೊಡಲಾಗದು, ತೊಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಜೇಬಿಗೆ ಒಂದು ತಳ ಇದೆ ಎಂದು ಅರಿಯಬಹುದು. ಊರ ಹಿರಿಯರಲ್ಲಿ ಒಂದು ವಿನಂತಿ. ನೀವು ಕೈಕಾಲು ಗಟ್ಟಿ ಇರುವಾಗಲೇ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಒಂದೇ ಪಡಸಾಲೆಯಲ್ಲಿ ಕೂಡ್ರಿಸಿ, ಎಲ್ಲರ ಎದುರಿಗೆ ಪಾಲಿನ ಮಾತು ಮುಗಿಸಿರಿ. ಅಣ್ಣ ತಮ್ಮಂದಿರೇ, ಮಾತು ಬಿಟ್ಟಿದ್ದರೆ ದೊಡ್ಡವನು ಮೊದಲು ಹೋಗಿ ಸಣ್ಣವನ ಕಟ್ಟೆಯ ಮೇಲೆ ಕುಳಿತುಕೊಳ್ಳಲಿ. ಅದರಿಂದ ಅವನ ದೊಡ್ಡತನ ಕಡಿಮೆಯಾಗದು, ಹೆಚ್ಚೀತು.

1565ರ ಯುದ್ಧ ನಡೆದದ್ದು ಕೃಷ್ಣೆಯ ದಂಡೆಯ ರಕ್ಕಸಗಿ ತಂಗಡಗಿಯ ಸೀಮೆಯಲ್ಲಿ. ಆದರೂ ಇತಿಹಾಸದ ಪುಸ್ತಕದಲ್ಲಿ ಅದಕ್ಕೆ ತಾಳಿಕೋಟೆಯ ಹೆಸರೇ ನಿಂತಿತು. ಕಾದಾಟದಿಂದ ನಮ್ಮ ಊರಿಗೆ ಬಂದ ಹೆಸರು ಸಾಕು. ಶ್ರೀ ಖಾಸ್ಗತೇಶ್ವರರ ಸನ್ನಿಧಿಯಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವ ನಾವು ಕೂಡಿ ಬಾಳುವುದರಿಂದ ಅದಕ್ಕೆ ಹೊಸ ಹೆಸರು ತರೋಣ. ಈ ಸಲ ಮಳೆಗಾಲಕ್ಕೆ ಮೊದಲು ಹೊಲದ ಒಡ್ಡಿಗೆ ಮಣ್ಣು ಏರಿಸುವಾಗ, ಮನೆಯ ಒಡ್ಡನ್ನೂ ಒಮ್ಮೆ ನಡೆದು ನೋಡೋಣ.

ಸರ್ವರಿಗೂ ಸನ್ಮಂಗಳವಾಗಲಿ.